ಬೆಳ್ಳಾವಿ ತುಮಕೂರಿನಲ್ಲಿದೆ ಎಂದು ಯಂತ್ರಕ್ಕೆ ಯಾರು ಹೇಳಬೇಕು?

ನಮ್ಮ ಜಿಲ್ಲೆಯ ಒಂದು ಮಿನಿ ವಿಧಾನಸೌಧದ ಎದುರಿನ ಹೊಂಗೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವ ಯಜಮಾನರೊಬ್ಬರಿದ್ದಾರೆ. ಕಂಪ್ಯೂಟರ್ ಲೋಕದ ನೊಬೆಲ್ ಎನ್ನಿಸಿಕೊಂಡ ಟ್ಯೂರಿಂಗ್ ಪ್ರಶಸ್ತಿಯನ್ನು ಮುಂದಿನ ಸಲ ಅವರಿಗೇ ಕೊಡಬೇಕೆಂದು ನನ್ನ ಶಿಫಾರಸು. ಓದಿರುವುದು ಏಳನೇ ಕ್ಲಾಸು. ಸರ್ಕಾರದ ಯಾವ ಪಟ್ಟಿಯಲ್ಲೂ ಅವರ ಹೆಸರಿಲ್ಲ. ಇರಕೂಡದೆಂದು, ಹೊಸದಾಗಿ ಬಂದ ಪ್ರತಿಯೊಬ್ಬ ಸಾಹೇಬರೂ ಬಂದ ವಾರದಲ್ಲೇ ಒಂದು ಬೋರ್ಡು ಬರೆಸುತ್ತಾರೆ: ‘ಮಧ್ಯವರ್ತಿಗಳಿಗೆ ಪ್ರವೇಶವಿಲ್ಲ’. ಬಿಸಿಲು ಏರಿದ ಮೇಲೆ ಯಜಮಾನರು ಆ ಬೋರ್ಡಿನ ನೆರಳಿಗೇ ಕುರ್ಚಿ ಸರಿಸಿಕೊಳ್ಳುತ್ತಾರೆ.

ಬ್ಯಾಂಕ್ ಸಾಲಕ್ಕೆ ಋಣಭಾರ ಪತ್ರ ಬೇಕೆಂದು ಬಂದ ಹುಡುಗನೊಬ್ಬನನ್ನು ಅವರು ವಿಚಾರಿಸಿದ ರೀತಿ ಕೇಳಿ.

“ಕೂತ್ಕಳಪ್ಪ. ಯಾವ್ ಹೋಬ್ಳಿ?”

“ಬೆಳ್ಳಾವಿ ಸಾ.”

“ಸರ್ವೆ ನಂಬ್ರು ಐತಾ, ಬರೀ ಹೆಸ್ರಾ?”

“ನಮ್ ತಾತನ್ ಹೆಸ್ರು ಗೊತ್ತು. ರಂಗಯ್ಯ ಅಂತ.”

“ರಂಗಯ್ಯ ಅಂದ್ರೆ ಅರ್ಧ ಹೋಬ್ಳಿ ಎದ್ ಬತ್ತದೆ ಕಣಪ್ಪ. ನಂಬ್ರು ತಗಂಡ್ ಬಾ. ಎರಡ್ ಸಾವ್ರದ್ ನಾಕ್ರಿಂದ ಈಚೆಗಾದ್ರೆ ಕಂಪ್ಯೂಟ್ರಲ್ಲೇ ಸಿಕ್ತದೆ, ಈಗ್ಲೇ ಆಯ್ತದೆ. ಹಿಂದಲ್ದು ಬೇಕಂದ್ರೆ ಪುಸ್ತಕ ಇಳಿಸ್ಬೇಕು. ಇಳ್ಸೋರು ಇವತ್ತು ರಜ. ಸೋಮವಾರ ಬಾ. ಫೀಜು ಇಷ್ಟು, ನಂದು ಇಷ್ಟು.”

ಅರ್ಧ ನಿಮಿಷದಲ್ಲಿ ಎಷ್ಟು ಲೆಕ್ಕ ಮುಗಿಯಿತು ನೋಡಿ. ಹೆಸರು ಹಿಡಿದು ಹೋದರೆ ಎಷ್ಟು ಹಾಳೆ ಮಗುಚಬೇಕು, ಸರ್ವೆ ನಂಬರು ಹಿಡಿದು ಹೋದರೆ ಎಷ್ಟು. ಹಾಳೆ ಕೈಗೆಟಕುವ ಕಡೆ ಇದೆಯೋ ಅಟ್ಟದ ಮೇಲಿದೆಯೋ. ಅಟ್ಟ ಹತ್ತುವವರು ಇವತ್ತು ಬಂದಿದ್ದಾರೋ ಇಲ್ಲವೋ. ಕೊನೆಗೆ ಗಿರಾಕಿಯ ಜೇಬಿನಿಂದ ಹೋಗುವುದೆಷ್ಟು. ಕ್ಲೌಡ್ ಕಂಪನಿಗಳು ಪಿಎಚ್.ಡಿ. ಆದವರನ್ನು ಕೂರಿಸಿಕೊಂಡು, ಕ್ವೆರಿ ಪ್ಲ್ಯಾನಿಂಗ್ ಎಂದು ಹೆಸರಿಟ್ಟು ಮಾಡಿಸುತ್ತಿರುವುದೂ ಇದೇ ಕೆಲಸ. ಡೇಟಾಬೇಸಿಗೆ ಒಂದು ಪ್ರಶ್ನೆ ಬಂದರೆ ಉತ್ತರ ತರಲು ಯಾವ ದಾರಿ ಅಗ್ಗ ಎಂದು ಮೊದಲೇ ಅಂದಾಜು ಹಾಕುವ ತಂತ್ರಾಂಶವೇ ಪ್ಲ್ಯಾನರ್. ಯಜಮಾನರು ಮಾಡುವುದನ್ನೆಲ್ಲ ಅದೂ ಮಾಡುತ್ತದೆ, ಜೇಬಿನ ಲೆಕ್ಕ ಒಂದನ್ನು ಬಿಟ್ಟು.

ಯಜಮಾನರ ವಿದ್ಯೆಗೆ ಮೂಲ 1908ರ ನೋಂದಣಿ ಕಾಯ್ದೆ. ನೋಂದಣಿ ಕಚೇರಿಗಳು ಎಂತೆಂಥ ಇಂಡೆಕ್ಸು ಇಡಬೇಕೆಂದು ಅದರ 55ನೇ ಕಲಮು ಹೇಳುತ್ತದೆ. ಒಂದನೇ ನಂಬರಿನ ಇಂಡೆಕ್ಸು ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನ ಮೇಲೆ, ಎರಡನೆಯದು ಆಸ್ತಿಯ ವಿವರದ ಮೇಲೆ. ಫೀಜು ಕೊಟ್ಟವರಿಗೆ ನೋಡಲು ಬಿಡಿ ಎನ್ನುತ್ತದೆ 57ನೇ ಕಲಮು. ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸುವವರಿಗೆಲ್ಲ ಗೊತ್ತು, ಅಲ್ಲಿ ಫೀಜು ಹುಡುಕಿದ ವರ್ಷದ ಲೆಕ್ಕದಲ್ಲಿ: ಮೊದಲ ವರ್ಷಕ್ಕೆ ಇಷ್ಟು, ಮುಂದಿನ ಒಂದೊಂದು ವರ್ಷಕ್ಕೂ ಇಷ್ಟು. ಹುಡುಕಿದ್ದು ಸಿಕ್ಕಿದರೆ ನಮೂನೆ 15, ಏನೂ ಇಲ್ಲವೆಂದಾದರೆ ನಮೂನೆ 16. ಏನೂ ಸಿಗಲಿಲ್ಲವೆಂದು ಫೀಜು ವಾಪಸ್ಸು ಬರುವುದಿಲ್ಲ. ಕೊಟ್ಟಿದ್ದು ಹುಡುಕಿದ್ದಕ್ಕೆ, ಸಿಕ್ಕಿದ್ದಕ್ಕಲ್ಲ. ಹೀಗಾಗಿ ಬ್ಯಾಂಕಿನವರು ಮೂವತ್ತು ವರ್ಷದ್ದು ತನ್ನಿ ಎಂದರೆ ರೈತ “ಹದಿಮೂರು ಸಾಕಾಗಲ್ವಾ ಸಾ” ಎಂದು ಚೌಕಾಸಿಗೆ ಇಳಿಯುತ್ತಾನೆ. ಕೇಳುವವನೇ ಕೊಡುವವನೂ ಆಗಿರುವುದರಿಂದ ಎಷ್ಟು ಕೇಳಬೇಕೆಂದು ಯೋಚಿಸಿ ಕೇಳುತ್ತಾನೆ. ಬ್ರಿಟಿಷರ ಕಾಲದ ಕಾನೂನಿನಲ್ಲಿ ಹೊಗಳುವಂಥದ್ದು ಹೆಚ್ಚಿಲ್ಲ, ಇದೊಂದು ಇರಲಿ.

ಎಪ್ಪತ್ತೊಂದು ವರ್ಷ ಕಳೆದ ಮೇಲೆ, 1979ರಲ್ಲಿ, ಅಮೆರಿಕದ ಸ್ಯಾನ್ ಹೋಸೆಯ ಐ.ಬಿ.ಎಂ. ಪ್ರಯೋಗಾಲಯದಲ್ಲಿ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಈ ವಿದ್ಯೆಯನ್ನು ಯಂತ್ರಕ್ಕೆ ಕಲಿಸಿದರು. ಪ್ರತಿ ದಾರಿಗೂ ಎಷ್ಟು ಪುಟ ಓದಬೇಕಾಗುತ್ತದೆ, ಎಷ್ಟು ಸಾಲು ಪರೀಕ್ಷಿಸಬೇಕಾಗುತ್ತದೆ ಎಂದು ಅಂದಾಜಿಸಿ, ಕೂಡಿಸಿ, ಕಡಿಮೆ ಬಂದ ದಾರಿಯನ್ನು ಹಿಡಿಯಿರಿ ಎಂಬುದು ಸೂತ್ರ. ಅಂದಾಜಿಗೆ ಆಧಾರವೇ ಇಲ್ಲದ ಕಡೆ ಏನು ಮಾಡುವುದು? ಅದಕ್ಕೂ ಪ್ರಬಂಧದಲ್ಲಿ ದಾರಿಯಿದೆ. ‘ಇದಕ್ಕೆ ಸಮ’ ಎಂದು ಕೇಳಿದರೆ ಹತ್ತರಲ್ಲೊಂದು ಸಿಗುತ್ತದೆ ಎಂದುಕೊಳ್ಳಿ. ‘ಇದಕ್ಕಿಂತ ಹೆಚ್ಚು’ ಎಂದರೆ ಮೂರರಲ್ಲೊಂದು. ‘ಇವೆರಡರ ನಡುವೆ’ ಎಂದರೆ ನಾಲ್ಕರಲ್ಲೊಂದು. ಬರೆದವರು ಪ್ರಾಮಾಣಿಕರು, ಊಹೆಯನ್ನು ಊಹೆ ಎಂದೇ ಬರೆದರು. ಓದಿದವರು ಅದನ್ನು ವೇದ ಮಾಡಿಕೊಂಡರು.

ಇವತ್ತು ಕ್ಲೌಡ್ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುವ ಡೇಟಾಬೇಸುಗಳಲ್ಲಿ ಪೋಸ್ಟ್‌ಗ್ರೆಸ್‌ನದು ದೊಡ್ಡ ಸಂಸಾರ. ಅದರ ಪ್ಲ್ಯಾನರಿನ ದರಪಟ್ಟಿಯನ್ನು ಒಮ್ಮೆ ನೋಡಬೇಕು. ಸಾಲಾಗಿ ಒಂದು ಪುಟ ಓದಿದರೆ ಖರ್ಚು 1. ಅಲ್ಲೊಂದು ಇಲ್ಲೊಂದು ಹೆಕ್ಕಿ ಓದಿದರೆ 4. ಒಂದು ಸಾಲನ್ನು ಮುಟ್ಟಿ ನೋಡಿದರೆ 0.01. 1 ಅಂದರೆ ಏನು? ರೂಪಾಯಿಯಲ್ಲ, ಡಾಲರಲ್ಲ, ಸೆಕೆಂಡೂ ಅಲ್ಲ. 1 ಅಂದರೆ 1. ಹೋಗಲಿ, 4 ಎಲ್ಲಿಂದ ಬಂತು? ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಹೆಕ್ಕಿ ಓದುವುದು ಸಾಲಾಗಿ ಓದುವುದಕ್ಕಿಂತ ಸುಮಾರು 40 ಪಟ್ಟು ನಿಧಾನ. ಆದರೆ ನೂರಕ್ಕೆ ತೊಂಬತ್ತು ಪಾಲು ಡಿಸ್ಕಿನ ತನಕ ಹೋಗದೆ ಮೆಮೊರಿಯಲ್ಲೇ ಸಿಗುತ್ತದೆ ಎಂದುಕೊಂಡರೆ ಉಳಿಯುವುದು 4. ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಬಹುಕಾಲ ಕೊಡುತ್ತ ಬಂದ ಸಮರ್ಥನೆ ಇದು. ಒಂದು ಊಹೆಯನ್ನು ಇನ್ನೊಂದು ಊಹೆಯಿಂದ ಭಾಗಿಸಿದರೆ ಪೂರ್ಣಾಂಕ ಬರುವುದು ಗಣಿತದಲ್ಲಿ ಅಪರೂಪ, ಎಂಜಿನಿಯರಿಂಗಿನಲ್ಲಿ ಮಾಮೂಲು.

ಆ ತಟ್ಟೆ ಈಗ ಎಲ್ಲಿದೆ ಸ್ವಾಮಿ? ಅಮೆಜಾನಿನ ಕ್ಲೌಡ್ ವಲಯಗಳು ನಮ್ಮ ದೇಶದಲ್ಲಿ ಮುಂಬೈಗೆ 2016ರಲ್ಲಿ, ಹೈದರಾಬಾದಿಗೆ 2022ರಲ್ಲಿ ಬಂದವು. ಬೆಂಗಳೂರು ಐ.ಟಿ. ರಾಜಧಾನಿ, ಬಾಡಿಗೆ ಕೊಡುವ ರಾಜಧಾನಿ, ಗೋದಾಮು ಬೇರೆ ಕಡೆ. ಬೆಳ್ಳಾವಿಯ ಒಬ್ಬ ರೈತನ ಒಂದು ಸಾಲು ಮಾಹಿತಿ ಮುಂಬೈಗೆ ಹೋಗಿ ತಂತಿಯ ಮೇಲೆ ವಾಪಸ್ಸು ಬರುತ್ತದೆ. ಎಸ್3 ಎಂಬ ಗೋದಾಮಿನಲ್ಲಿ ಒಂದೊಂದು ಸಲ ಬಾಗಿಲು ಬಡಿದಿದ್ದಕ್ಕೂ ಬಿಡಿಕಾಸಿನ ಲೆಕ್ಕ ಉಂಟು. ಹಳೆಯ ಮಾಹಿತಿಯನ್ನು ಅಗ್ಗದ ‘ಡೀಪ್ ಆರ್ಕೈವ್’ಗೆ ಹಾಕಿದ್ದರೆ ಆಚೆ ತರಲು 12 ಗಂಟೆ, ಇನ್ನೂ ಅಗ್ಗದ ರೀತಿಯಲ್ಲಿ ತರಿಸಿದರೆ 48 ಗಂಟೆ ತನಕ. ಅಟ್ಟ ಹತ್ತುವವರು ಅಲ್ಲೂ ರಜೆಯಲ್ಲಿರುತ್ತಾರೆಂದು ತೋರುತ್ತದೆ. ಹಳೆ ನಮೂನೆಯ ಬಾಡಿಗೆ ಡಿಸ್ಕುಗಳಲ್ಲಿ ಇನ್ನೊಂದು ಚೆಂದ: ಆರಂಭದಲ್ಲಿ ಕೂಡಿಟ್ಟ ಪುಣ್ಯದಿಂದ ಸೆಕೆಂಡಿಗೆ 3,000 ಸಲ ಓದಲು ಬಿಡುತ್ತದೆ; ಪುಣ್ಯ ಖರ್ಚಾದ ಮೇಲೆ 100 ಜಿ.ಬಿ. ಡಿಸ್ಕಿಗೆ 300 ಮಾತ್ರ. ವೇಗ ಹತ್ತರಲ್ಲೊಂದಕ್ಕೆ ಇಳಿದರೂ ಪ್ಲ್ಯಾನರಿನ ದರಪಟ್ಟಿ ಕದಲುವುದಿಲ್ಲ: 1 ಮತ್ತು 4. ತಿರುಗುವ ತಟ್ಟೆ ಇಲ್ಲದ ಕಡೆ 4ನ್ನು 1.1ಕ್ಕೆ ಇಳಿಸಿಕೊಳ್ಳಿ ಎಂದು ಕೈಪಿಡಿ ಸಲಹೆ ಕೊಡುತ್ತದೆ. ಕೈಪಿಡಿ ಓದುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ, ಅದಕ್ಕೇ ಅದು ಪುಕ್ಕಟೆ ಸಿಗುತ್ತದೆ.

ಇಷ್ಟೆಲ್ಲ ಆದರೂ 1 ಮತ್ತು 4ರ ತಪ್ಪು ಸಣ್ಣದು. ದೊಡ್ಡದು ನಮ್ಮ ಬೆಳ್ಳಾವಿಯದು.

ಕರ್ನಾಟಕದ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದಿದ್ದು ಈ ಶತಮಾನದ ಆರಂಭದಲ್ಲಿ, ‘ಭೂಮಿ’ ಯೋಜನೆಯಲ್ಲಿ. ಸುಮಾರು 9,000 ಗ್ರಾಮ ಲೆಕ್ಕಿಗರ ಬಗಲಲ್ಲಿದ್ದ ಪುಸ್ತಕಗಳಿಂದ, 177 ತಾಲೂಕುಗಳ, 67 ಲಕ್ಷ ರೈತರ, ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಇಳಿದವು. ಆಗ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಕೈಗೆ ಪ್ರಿಂಟು ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಆಯಿತು. ದೊಡ್ಡ ಕೆಲಸ, ಅದರಲ್ಲಿ ವ್ಯಂಗ್ಯಕ್ಕೆ ಏನೂ ಇಲ್ಲ. ಯಜಮಾನರ ಕಾಲ ಮುಗಿಯಿತೆಂದು ಆಗ ಎಲ್ಲರೂ ಬರೆದರು. ಅವರು ಮಾಡಿದ್ದಿಷ್ಟೇ, ಕಾರ್ಬನ್ ಕಾಗದ ಬಿಟ್ಟು ಮೊಬೈಲು ಹಿಡಿದರು.

‘ಭೂಮಿ’ಯ ಒಳಗೆ ಯಾವ ಯಂತ್ರ ಇದೆ ಎಂಬುದು ಇಲ್ಲಿ ಮುಖ್ಯವಲ್ಲ. ಅಷ್ಟೇ ದೊಡ್ಡ ಪಟ್ಟಿಯೊಂದನ್ನು ಪೋಸ್ಟ್‌ಗ್ರೆಸ್‌ನಲ್ಲಿ ಹಾಕಿ ಕ್ಲೌಡಿನಲ್ಲಿ ಬಾಡಿಗೆಗೆ ಇಟ್ಟಿದ್ದೀರಿ ಎಂದುಕೊಳ್ಳಿ. ಸಾಲುಗಳು 2 ಕೋಟಿ. ಜಿಲ್ಲೆ 31, ತಾಲೂಕು, ಗುಣಾಕಾರಕ್ಕೆ ಸುಲಭವಾಗಲೆಂದು, 200, ಹೋಬಳಿ 700. ಪರದೆಯ ಮೇಲೆ ಮೂರು ಚೌಕ ಇರುತ್ತದೆ, ನೀವು ಮೂರನ್ನೂ ತುಂಬುತ್ತೀರಿ: ಜಿಲ್ಲೆ ತುಮಕೂರು, ತಾಲೂಕು ತುಮಕೂರು, ಹೋಬಳಿ ಬೆಳ್ಳಾವಿ. ಎಷ್ಟು ಸಾಲು ಸಿಗಬೇಕು? ಎರಡು ಕೋಟಿಯನ್ನು 700ರಿಂದ ಭಾಗಿಸಿ, 28,000ಕ್ಕೂ ಮೇಲೆ. ಪ್ಲ್ಯಾನರ್ ಹಾಗೆ ಯೋಚಿಸುವುದಿಲ್ಲ. ಜಿಲ್ಲೆ ಹೊಂದುವುದು 31ರಲ್ಲಿ ಒಂದು. ತಾಲೂಕು 200ರಲ್ಲಿ ಒಂದು. ಹೋಬಳಿ 700ರಲ್ಲಿ ಒಂದು. ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು, ಆದ್ದರಿಂದ ಗುಣಿಸು. ಬಂದ ಉತ್ತರ ಐದು.

ಇಡೀ ಬೆಳ್ಳಾವಿ ಹೋಬಳಿಯಲ್ಲಿ ಐದೇ ಪಹಣಿ!

ಯಾಕೆಂದರೆ ಬೆಳ್ಳಾವಿ ಇರುವುದು ತುಮಕೂರು ತಾಲೂಕಿನಲ್ಲಿ ಎಂಬುದು ಅದಕ್ಕೆ ಗೊತ್ತಿಲ್ಲ. ಬೆಳ್ಳಾವಿಗಳು ರಾಜ್ಯದ ಇನ್ನೂರು ತಾಲೂಕುಗಳಲ್ಲೂ ಸಮನಾಗಿ ಚೆಲ್ಲಿಕೊಂಡಿವೆ, ಬೀದರಿನಲ್ಲಿ ಸ್ವಲ್ಪ, ಪುತ್ತೂರಿನಲ್ಲಿ ಸ್ವಲ್ಪ ಎಂದು ಅದರ ನಂಬಿಕೆ. ತುಮಕೂರು ತಾಲೂಕು ತುಮಕೂರು ಜಿಲ್ಲೆಯಲ್ಲೇ ಇರುವುದು ಕೂಡ ಅದರ ಮಟ್ಟಿಗೆ ಕಾಕತಾಳೀಯ. ಕೋರ, ಊರ್ಡಿಗೆರೆ, ಹೆಬ್ಬೂರು, ಗೂಳೂರಿನವರಿಗೂ ಇದೇ ಗತಿ. ನಮಗೊಬ್ಬರಿಗೇ ಅನ್ಯಾಯವಾಯಿತೆಂದು ಹೋರಾಟಕ್ಕಿಳಿಯುವ ಹಾಗೂ ಇಲ್ಲ.

ಐದೇ ತಾನೇ ಎಂದುಕೊಂಡ ಪ್ಲ್ಯಾನರ್ ಅದಕ್ಕೆ ತಕ್ಕ ದಾರಿ ಹಿಡಿಯುತ್ತದೆ. ಪಹಣಿಯ ಜೊತೆಗೆ ಮ್ಯುಟೇಶನ್ ವಿವರವನ್ನೂ ಕೇಳಿದ್ದೀರಿ ಎನ್ನಿ: ಐದು ಪಹಣಿಗೆ ಐದು ಸಲ ಮ್ಯುಟೇಶನ್ ಪುಸ್ತಕಕ್ಕೆ ಹೋಗಿ ಹೆಕ್ಕಿ ತಂದರಾಯಿತು, ಪುಸ್ತಕ ಪೂರ್ತಿ ಓದುವುದು ಯಾಕೆ? ಐದಕ್ಕೆ ಅದು ಬುದ್ಧಿವಂತಿಕೆ. ಹೊರಟ ಮೇಲೆ ನೋಡಿದರೆ ಸಾಲು ಮುಗಿಯುತ್ತಲೇ ಇಲ್ಲ. ಇಪ್ಪತ್ತೆಂಟು ಸಾವಿರ ಸಲ ಹೋಗಿ ಬರುತ್ತದೆ. ಸಾಮಾನ್ಯವಾಗಿ ಇಂಥ ಯಂತ್ರ ಹಿಡಿದ ದಾರಿಯನ್ನು ನಡುವೆ ಬಿಡುವುದಿಲ್ಲ. ಆರನೇ ಸಲಕ್ಕೇ ‘ಯಾಕೋ ಲೆಕ್ಕ ತಪ್ಪಿದ ಹಾಗಿದೆ’ ಎಂದು ನಿಲ್ಲುವ ಪೈಕಿಯಲ್ಲ. ಕುರ್ಚಿಯ ಯಜಮಾನರಾಗಿದ್ದರೆ ಎರಡನೇ ರಂಗಯ್ಯ ಎದುರಾದ ಕೂಡಲೇ ಪುಸ್ತಕ ಮುಚ್ಚುತ್ತಿದ್ದರು.

ಮ್ಯೂನಿಕ್ ಮತ್ತು ಆಮ್‌ಸ್ಟರ್‌ಡಾಮಿನ ಸಂಶೋಧಕರು 2015ರಲ್ಲಿ ಸಿನಿಮಾ ಮಾಹಿತಿಯ ಒಂದು ದೊಡ್ಡ ಡೇಟಾಬೇಸನ್ನು ಇಟ್ಟುಕೊಂಡು ಇಂಥ ಪ್ಲ್ಯಾನರುಗಳನ್ನೆಲ್ಲ ಪರೀಕ್ಷೆಗೆ ಕೂರಿಸಿದರು. ಎಷ್ಟು ಸಾಲು ಸಿಗುತ್ತದೆ ಎಂಬ ಅಂದಾಜು ಸಾವಿರ ಪಟ್ಟು ತಪ್ಪುವುದು ಏನೂ ಅಪರೂಪವಲ್ಲ ಎಂದು ಕಂಡುಬಂತು. ಪುಟಕ್ಕೆ 1, ಹೆಕ್ಕಿದರೆ 4 ಎಂಬ ದರಪಟ್ಟಿಯ ತಪ್ಪು ಇದರ ಮುಂದೆ ಲೆಕ್ಕಕ್ಕೇ ಇಲ್ಲ. ನಮ್ಮ ಮೇಲಿನ ಲೆಕ್ಕದಲ್ಲಿ ತಪ್ಪಿದ್ದು ಆರು ಸಾವಿರ ಪಟ್ಟು. ಯಾವುದರಲ್ಲೂ ಬೆಳ್ಳಾವಿ ಹಿಂದೆ ಬೀಳಬಾರದು.

ಪರಿಹಾರ ಇಲ್ಲವೆಂದಲ್ಲ. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರಿಂದ ಈಚೆಗೆ, ಈ ಕಾಲಂ ಗೊತ್ತಾದರೆ ಆ ಕಾಲಂ ಗೊತ್ತಾದಂತೆಯೇ ಎಂದು ಯಂತ್ರ ಕಂಡುಕೊಳ್ಳುವಂತೆ ಮಾಡಬಹುದು. ಒಂದೇ ಸಾಲಿನ ಆಜ್ಞೆ. ಆದರೆ ಅದನ್ನು ಯಾರಾದರೂ ಬರೆಯಬೇಕಲ್ಲ? ಬರೆಯಲು ಗೊತ್ತಿರುವ ಎಂಜಿನಿಯರಿಗೆ ಬೆಳ್ಳಾವಿ ಎಲ್ಲಿದೆ ಎಂದು ತಿಳಿಯದು. ತಿಳಿದಿರುವ ಗ್ರಾಮ ಆಡಳಿತಾಧಿಕಾರಿಗೆ ಆಜ್ಞೆ ಬರೆಯಲು ಬಾರದು. ಎರಡೂ ಬಲ್ಲವನು ಬೆಳ್ಳಾವಿಯಿಂದ ಹೋದ ಹುಡುಗ. ಅವನು ಕ್ಯಾಲಿಫೋರ್ನಿಯಾದಲ್ಲಿ ಬೇರೆ ಯಾರದೋ ಹೋಬಳಿ ನೋಡಿಕೊಳ್ಳುತ್ತಿದ್ದಾನೆ.

ಇನ್ನು ಹೆಸರುಗಳ ಫಜೀತಿ. 2014ರ ನವೆಂಬರ್ 1ರಂದು ಇಂಗ್ಲಿಷಿನ ಟುಮ್ಕೂರ್ ಅಧಿಕೃತವಾಗಿ ತುಮಕೂರು ಆಯಿತು, ಸಂತೋಷ. ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ತುಂಬಿಸಿದ ಸಾಲುಗಳಲ್ಲಿ ಹಳೇ ಹೆಸರು, ಆಮೇಲಿನವುಗಳಲ್ಲಿ ಹೊಸದು. ಯಂತ್ರದ ಲೆಕ್ಕದಲ್ಲಿ ಎರಡು ಊರು. ಬೆಳ್ಳಾವಿಯನ್ನು ಬೆಳ್ಳಾವೆ ಎಂದು ಬರೆಯುವವರೂ ಉಂಟು. ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತ 1918ರಲ್ಲಿ ಕನ್ನಡಕ್ಕೆ ‘ವಿಜ್ಞಾನ’ ಮಾಸಪತ್ರಿಕೆ ಕೊಟ್ಟವರಲ್ಲಿ ಒಬ್ಬರಾದ ವೆಂಕಟನಾರಣಪ್ಪನವರು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡಿದ್ದು ‘ಬೆಳ್ಳಾವೆ’ಯನ್ನೇ. (ಅವರಿದ್ದಿದ್ದರೆ ಈ ಲೇಖನದ ಗುಣಾಕಾರವನ್ನು ನನಗಿಂತ ಚೆನ್ನಾಗಿ ವಿವರಿಸುತ್ತಿದ್ದರು, ವ್ಯಂಗ್ಯ ಮಾತ್ರ ಇರುತ್ತಿರಲಿಲ್ಲ.) ಬೆಳ್ಳಾವಿ ಹೆಸರಿನ ವಿಧಾನಸಭಾ ಕ್ಷೇತ್ರವಂತೂ 2008ರ ಮರುವಿಂಗಡಣೆಯಲ್ಲಿ ಇಲ್ಲವಾಯಿತು, ಹಳೇ ಪಟ್ಟಿಗಳಲ್ಲಿ ಇನ್ನೂ ಮತ ಹಾಕುತ್ತಿದೆ.

ಕಾಲಕಾಲಕ್ಕೆ ಯಂತ್ರ ತನ್ನ ಅಂಕಿಅಂಶ ತಿದ್ದಿಕೊಳ್ಳುವುದಿಲ್ಲವೇ? ತಿದ್ದಿಕೊಳ್ಳುತ್ತದೆ. ನಿಯಮ ಏನೆಂದರೆ, ಪಟ್ಟಿಯಲ್ಲಿ ನೂರಕ್ಕೆ ಹತ್ತರಷ್ಟು ಸಾಲು ಬದಲಾದಾಗ ಅದು ತಾನಾಗಿಯೇ ಎದ್ದು ಮತ್ತೆ ಎಣಿಸುತ್ತದೆ. ಎಣಿಸುವುದೆಂದರೂ ಪೂರ್ತಿಯಲ್ಲ, 30,000 ಸಾಲಿನ ಮಾದರಿ. ಅದರಲ್ಲಿ ಬೆಳ್ಳಾವಿಯ ಪಾಲಿಗೆ ಬರುವುದು ನಲವತ್ತು ಚಿಲ್ಲರೆ. ಎರಡು ಕೋಟಿಗೆ ನೂರಕ್ಕೆ ಹತ್ತು ಎಂದರೆ ಇಪ್ಪತ್ತು ಲಕ್ಷ. ಪಕ್ಕದ ವಸಂತನರಸಾಪುರದಲ್ಲಿ ಹೊಲಗಳಿದ್ದ ಕಡೆ ಕಾರ್ಖಾನೆಗಳು ಎದ್ದವು. ನಾಳೆ ಬೆಳ್ಳಾವಿ ಹೋಬಳಿಯ ಕಟ್ಟಕಡೆಯ ಗುಂಟೆಯ ತನಕ ಲೇಔಟಾಗಿ, ಸೈಟಾಗಿ, ಬೆಂಗಳೂರಿನವರ ಹೆಸರಿಗೆ ಖಾತೆಯಾಗಿ ಹೋಗಲಿ. ಬದಲಾಗುವುದು ಇಪ್ಪತ್ತೆಂಟು ಸಾವಿರ ಸಾಲು. ಪ್ಲ್ಯಾನರ್ ಏಳುವುದಿಲ್ಲ. ಇಂಥ ಎಪ್ಪತ್ತು ಹೋಬಳಿ ಮಾರಿಹೋದ ಮೇಲೆ ಎದ್ದು ಕಣ್ಣುಜ್ಜಿಕೊಳ್ಳುತ್ತದೆ. ಈ ಒಂದು ಗುಣ ನೋಡಿದರೆ ಅದಕ್ಕೆ ಸರ್ಕಾರಿ ಕೆಲಸ ಕೊಡಬಹುದು ಅನ್ನಿಸುತ್ತದೆ.

ಇಲ್ಲಿಯವರೆಗಿನದು ಹಳೇ ಜಾಡ್ಯ, ನಲವತ್ತು ವರ್ಷಕ್ಕೂ ಹಿಂದಿನದು. ಸ್ವಂತ ಕಂಪ್ಯೂಟರಿನಲ್ಲಿ ಪ್ಲ್ಯಾನರ್ ತಪ್ಪಿದರೆ ಯಂತ್ರ ನಿಧಾನವಾಗುತ್ತಿತ್ತು, ಜನ ಬೈಯುತ್ತಿದ್ದರು, ಬೈಸಿಕೊಂಡವನು ಎದ್ದು ಸರಿಮಾಡುತ್ತಿದ್ದ. ಕ್ಲೌಡ್ ಬಂದ ಮೇಲೆ ನಿಧಾನ ಎಂಬುದೇ ಇಲ್ಲ. ಭಾರ ಹೆಚ್ಚಾದರೆ ತಾನೇ ಹಿಗ್ಗುವ ಏರ್ಪಾಟಿದೆ. ತಪ್ಪು ದಾರಿಯಲ್ಲಿ ಓಡಲು ಇನ್ನೂ ಹತ್ತು ಯಂತ್ರ ತಾವಾಗಿ ಸೇರಿಕೊಳ್ಳುತ್ತವೆ. ಉತ್ತರ ಹೊತ್ತಿಗೆ ಸರಿಯಾಗಿ ಬರುತ್ತದೆ. ಯಾರೂ ಬೈಯುವುದಿಲ್ಲ. ತಿಂಗಳ ಕೊನೆಗೆ ಬಿಲ್ಲು ಬರುತ್ತದೆ, ಅದು ಹೋಗುವುದು ಇನ್ನೊಂದು ಮಹಡಿಗೆ.

ಅಂಥ ಒಂದು ಮಹಡಿಯ ಕತೆ ಬೆಳ್ಳಾವಿಯ ಜಗಲಿಯೊಂದರಲ್ಲಿ ನನ್ನ ಕಿವಿಗೆ ಬಿತ್ತು. ಊರಿನ ಇನ್ನೊಬ್ಬ ಹುಡುಗ ಬೆಂಗಳೂರಿನಲ್ಲಿ ಒಂದು ಹೊಸ ಕಂಪನಿ ಸೇರಿದ್ದಾನೆ. ರೈತರಿಗೆ ಕೊಬ್ಬರಿ ಧಾರಣೆ ಹೇಳುವ ಆ್ಯಪ್ ಅವರದು. ಕೊಬ್ಬರಿಯನ್ನು ಕಣ್ಣಲ್ಲಿ ಕಂಡವನು ಇಡೀ ಕಂಪನಿಗೆ ಇವನೊಬ್ಬನೇ, ಹಾಗಾಗಿ ಇವನೇ ಅಲ್ಲಿ ವಿಷಯತಜ್ಞ. ಕಚೇರಿಯ ಗೋಡೆಗೆ ಆಳೆತ್ತರದ ಟಿ.ವಿ. ಹಾಕಿದ್ದಾರೆ. ಅದರಲ್ಲಿ ಇವತ್ತಿನ ಧಾರಣೆ, ಆ್ಯಪ್ ತೆರೆದ ರೈತರ ಸಂಖ್ಯೆ, ಒಂದು ಹಸಿರು ಗೆರೆ. ಐದೈದು ನಿಮಿಷಕ್ಕೆ ಹೊಸದಾಗುತ್ತದೆ. ರೈತ ಪರದೆಗೆ ಬೆರಳು ತಾಗಿಸಿದ್ದನ್ನೆಲ್ಲ ಒಂದೇ ಪಟ್ಟಿಗೆ ಸುರಿದು, ಆ ಪಟ್ಟಿ ಒಂದು ಟೆರಾಬೈಟ್ ಮುಟ್ಟಿದೆ. ಇಟ್ಟಿರುವುದು ಗೂಗಲ್‌ನ ಬಿಗ್‌ಕ್ವೆರಿಯಲ್ಲಿ.

ಬಿಗ್‌ಕ್ವೆರಿಯ ಬಿಡಿ ದರ ಇ.ಸಿ.ಯದೇ ಜಾತಿ: ಸಿಕ್ಕಿದ್ದಕ್ಕಲ್ಲ, ಹುಡುಕಿದ್ದಕ್ಕೆ. 2023ರ ಜುಲೈನಿಂದ ಅಮೆರಿಕದ ದರದಲ್ಲಿ ಟೆರಾಬೈಟಿಗೆ ಆರೂಕಾಲು ಡಾಲರ್, ತಿಂಗಳ ಮೊದಲ ಟೆರಾಬೈಟು ಪುಕ್ಕಟೆ. ‘ಹತ್ತೇ ಸಾಲು ಸಾಕು’ ಎಂದು ಕೇಳಿದರೂ ಸಾಮಾನ್ಯ ಪಟ್ಟಿಯಾದರೆ ಮುಟ್ಟಿದ ಕಾಲಂಗಳನ್ನು ಬುಡದ ತನಕ ಓದಿಯೇ ಹತ್ತು ಕೊಡುತ್ತದೆ, ಬಿಲ್ಲು ಬುಡದ ತನಕದ್ದು. ವರ್ಷವಾರು, ದಿನವಾರು ಪಟ್ಟಿ ವಿಂಗಡಿಸಿಟ್ಟು ‘ಈ ದಿನದ್ದು ಮಾತ್ರ’ ಎಂದು ಕೇಳಿದ್ದರೆ ಬಿಲ್ಲು ಚಿಲ್ಲರೆಗೆ ಇಳಿಯುತ್ತಿತ್ತು. ವಿಂಗಡಿಸಿರಲಿಲ್ಲ. ಏನು ಬೇಕೆಂದು ಯೋಚಿಸುವ ಶ್ರಮ ಉಳಿಸಲು ಎಲ್ಲ ಕಾಲಂಗಳನ್ನೂ ಕೇಳಿದ್ದರು. ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ಬರುತ್ತದೆ. ದಿನಕ್ಕೆ 288 ಸಲ ಗೆರೆ ಹೊಸದಾಗುತ್ತದೆ. 1,800 ಡಾಲರ್. ದಿನಕ್ಕೆ.

ಹುಡುಗನ ದೊಡ್ಡಪ್ಪ ತೆಂಗಿನ ತೋಟದವರು. ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು.

“ನಮ್ ದುಡ್ಡಲ್ಲಿ ಎಷ್ಟಾಯ್ತದ್ಲಾ?”

“ಒಂದೂವರೆ ಲಕ್ಷದ ಮೇಲೆ ದೊಡ್ಡಪ್ಪ.”

“ತಿಂಗ್ಳಿಗಾ?”

“ದಿನಕ್ಕೆ.”

ಉಂಡೆ ಕೊಬ್ಬರಿಗೆ 2024ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು. ದೊಡ್ಡಪ್ಪ ಬಾಯಲ್ಲೇ ಭಾಗಾಕಾರ ಮಾಡಿದರು. “ದಿನಕ್ಕೆ ಹನ್ನೆರಡ್ ಕ್ವಿಂಟಾಲ್ ಕೊಬ್ರಿ ಸುಟ್ಟು ಕೊಬ್ರಿ ರೇಟ್ ನೋಡ್ತಾರೇನ್ಲಾ? ತಿಪಟೂರಲ್ಲಿ ಹರಾಜು ಆಗೋದೇ ವಾರಕ್ ಎಲ್ಡ್ ದಿನ!”

“ಅದು ರಿಯಲ್ ಟೈಮ್ ದೊಡ್ಡಪ್ಪ.”

“ಮಂಡಿ ಗುಮಾಸ್ತನಿಗೆ ಒಂದ್ ಫೋನ್ ಮಾಡಿದ್ರೆ ಹೇಳ್ತಾನಲ್ಲೋ.”

ಹುಡುಗ ಪಾಪ ವಿವರಿಸಲು ನೋಡಿದ. ಧಾರಣೆ ಬದಲಾಗದಿದ್ದರೂ ರೈತರ ಬೆರಳಿನ ಲೆಕ್ಕ ಅದೇ ಪಟ್ಟಿಗೆ ಬೀಳುತ್ತಿರುವುದರಿಂದ, ಹಿಂದಿನ ಉತ್ತರವನ್ನೇ ಪುಕ್ಕಟೆ ಮತ್ತೆ ಕೊಡುವ ಸೌಲಭ್ಯ ಇವರಿಗೆ ಸಿಗುವುದಿಲ್ಲ. ಹಾಗೆಂದು ಪಟ್ಟಿ ಬೇರೆ ಮಾಡೋಣವೆಂದರೆ ಅದು ಇನ್ನೊಂದು ತಂಡದ ಕೆಲಸ. ಪ್ರಶ್ನೆ ಬರೆದವನು ಬಿಲ್ಲು ನೋಡಿಲ್ಲ. ಬಿಲ್ಲು ನೋಡಿದ ಮೇಡಮ್ಮಿಗೆ ಅದರಲ್ಲಿ ಯಾವ ಪ್ರಶ್ನೆಗೆ ಎಷ್ಟು ಎಂಬುದು ತಿಳಿಯದು, ಅವರಿಗೆ ಬರುವುದು ಒಟ್ಟು ಮೊತ್ತ. ಟಿ.ವಿ. ಬೇಕೆಂದ ಸಾಹೇಬರು ಎರಡನ್ನೂ ನೋಡಿಲ್ಲ. ಅವರು ಟಿ.ವಿ.ಯನ್ನೂ ನೋಡುವುದಿಲ್ಲ, ಹೂಡಿಕೆದಾರರು ಬಂದಾಗ ತೋರಿಸುತ್ತಾರೆ.

ಓಡಿಸುವ ಮುಂಚೆ ಖರ್ಚು ತಿಳಿಯುವುದಿಲ್ಲವೇ ಎಂದು ಕೇಳಿದೆ. ತಿಳಿಯುತ್ತದಂತೆ. ಪ್ರಶ್ನೆ ಬರೆಯುವ ಪರದೆಯ ಮೂಲೆಯಲ್ಲಿ, ಇದು ಇಷ್ಟು ಬೈಟ್ ಓದುತ್ತದೆ ಎಂದು ಮೊದಲೇ ತೋರಿಸುತ್ತದೆ. ಡಾಲರಿನಲ್ಲಿ ಅಲ್ಲ, ಬೈಟಿನಲ್ಲಿ. ಹೋಟೆಲಿನ ದರಪಟ್ಟಿಯಲ್ಲಿ ದೋಸೆಗೆ ಎಷ್ಟು ಅಕ್ಕಿ ರುಬ್ಬಿದೆವೆಂದು ಮಾತ್ರ ಬರೆದ ಹಾಗೆ. ಅದೂ ಮನುಷ್ಯ ಕೂತು ಬರೆದರೆ ಕಾಣಿಸುವುದು, ಟಿ.ವಿ. ತಾನಾಗಿ ಕೇಳುವಾಗ ಮೂಲೆ ನೋಡುವವರು ಯಾರು?

ಇನ್ನೊಂದು ಮಾತು ಯಾರೂ ಜೋರಾಗಿ ಹೇಳುವುದಿಲ್ಲ. ಕ್ಲೌಡಿನ ಪ್ಲ್ಯಾನರ್ ಬರೆಯುವವರೂ, ಓದಿದ ಬೈಟಿಗೆ ಕಾಸು ಎಣಿಸಿಕೊಳ್ಳುವವರೂ ಒಂದೇ ಕಂಪನಿಯ ಎರಡು ಕೋಣೆಗಳಲ್ಲಿ ಕೂತಿರುತ್ತಾರೆ. ಬೇಕೆಂದೇ ಉದ್ದದ ದಾರಿ ತೋರಿಸುತ್ತಾರೆಂದು ನಾನು ಹೇಳುತ್ತಿಲ್ಲ. ಅವರ ಎಂಜಿನಿಯರುಗಳು ದಾರಿ ಹತ್ತಿರ ಮಾಡಲು ನಿಜಕ್ಕೂ ಒದ್ದಾಡುತ್ತಾರೆ. ಒದ್ದಾಟ ಫಲಿಸದಿದ್ದರೆ ಅಂಗಡಿಗೆ ನಷ್ಟವಿಲ್ಲ ಅಷ್ಟೇ. ಹೊಂಗೆಮರದ ಯಜಮಾನರದೂ ಅದೇ ವ್ಯಾಪಾರ, ಆದರೆ ರಂಗಯ್ಯನ ಮೊಮ್ಮಗನನ್ನು ಸುಮ್ಮನೆ ನಾಲ್ಕು ಸಲ ಅಲೆಸಿದರೆ ಅವನು ಐದನೇ ಸಲ ಪಕ್ಕದ ಕುರ್ಚಿಗೆ ಹೋಗುತ್ತಾನೆ. ಕ್ಲೌಡಿನಲ್ಲಿ ಪಕ್ಕದ ಕುರ್ಚಿಗೆ ಹೋಗಬೇಕಾದರೆ ನಿಮ್ಮ ಮಾಹಿತಿಯನ್ನು ನೀವೇ ಹೊರಗೆ ಸಾಗಿಸಿಕೊಳ್ಳಲು ಜಿ.ಬಿ.ಗೆ ಇಷ್ಟೆಂದು ಸುಂಕ ಕಟ್ಟಬೇಕಿತ್ತು. 2024ರಲ್ಲಿ ಮೊದಲು ಗೂಗಲ್, ಆಮೇಲೆ ಅಮೆಜಾನ್, ಪೂರ್ತಿಯಾಗಿ ಅಂಗಡಿ ಬಿಟ್ಟು ಹೋಗುವವರಿಗೆ ಸುಂಕ ಮನ್ನಾ ಎಂದವು. ದಿನನಿತ್ಯ ಹೋಗಿ ಬರುವವರಿಗೆ ಸುಂಕ ಹಾಗೆಯೇ ಇದೆ.

ಬಿಲ್ಲಿನ ಬಿಸಿ ತಟ್ಟಿದ ಮೇಲೆ ಹುಡುಗನ ಕಂಪನಿಯೂ ಎಲ್ಲರೂ ಮಾಡುವುದನ್ನೇ ಮಾಡಿತು, ಖರ್ಚು ಕಡಿಮೆ ಮಾಡುವ ಸಲಹೆಗಾರರನ್ನು ಖರ್ಚು ಮಾಡಿ ಕರೆಸಿತು. ಅವರು ಎರಡು ವಾರ ಕೂತು, ಐವತ್ತು ಸ್ಲೈಡು ತೋರಿಸಿ, ಒಂದು ಗುಂಡಿ ಒತ್ತಿದರು: ಒಂದು ಪ್ರಶ್ನೆ ಇಷ್ಟು ಬೈಟಿಗಿಂತ ಹೆಚ್ಚು ಓದುವ ಹಾಗಿದ್ದರೆ ಓಡಿಸಲೇ ಬೇಡ, ಬಿಲ್ಲೂ ಹಾಕಬೇಡ. ಬಿಗ್‌ಕ್ವೆರಿಯಲ್ಲಿ ಆ ಗುಂಡಿ ಮುಂಚಿನಿಂದಲೂ ಇತ್ತು. ಬಿಲ್ಲು ಒಂದೇ ದಿನದಲ್ಲಿ ನೆಲಕ್ಕಿಳಿಯಿತು. ಸಲಹೆಗಾರರಿಗೆ ಶಾಲು, ಏಲಕ್ಕಿ ಹಾರ.

ಗೋಡೆಯ ಟಿ.ವಿ. ಕೇಳುತ್ತಿದ್ದ ಪ್ರಶ್ನೆ ಆ ಮಿತಿ ದಾಟುತ್ತಿತ್ತು. ಅವತ್ತು ಮಧ್ಯಾಹ್ನದಿಂದ ಅದಕ್ಕೆ ಉತ್ತರ ಬರುವುದು ನಿಂತಿತು. ಕಡೆಯ ಸಲ ಬಂದ ಅಂಕಿಗಳೂ ಹಸಿರು ಗೆರೆಯೂ ಹಾಗೆಯೇ ಉಳಿದವು. ಹುಡುಗನಿಗೆ ಮರುದಿನವೇ ಗೊತ್ತಾಗಿತ್ತಂತೆ, ಯಾರಾದರೂ ಕೇಳಿದರೆ ಹೇಳೋಣವೆಂದು ಕಾದ. ಯಾರೂ ಕೇಳಲಿಲ್ಲ. ತಿಂಗಳ ಕೊನೆಗೆ ಹೂಡಿಕೆದಾರರು ಬಂದರು, ಸಾಹೇಬರು ಪರದೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ವರದಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬಂತು: ಕೊಬ್ಬರಿ ಧಾರಣೆಯಲ್ಲಿ ಗಮನಾರ್ಹ ಸ್ಥಿರತೆ ಕಂಡುಬಂದಿದೆ.